ಮುಳುಗಿಸಿದವರೇ ಬಡ್ಡಿ ಕೇಳುತ್ತಿದ್ದಾರೆ

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಆಮೇಲಿನ ಮೂರ್ನಾಲ್ಕು ದಿನ ನಮ್ಮ ಸುದ್ದಿವಾಹಿನಿಗಳಿಗೆ ಬೇರೆ ಜಗತ್ತೇ ಇರಲಿಲ್ಲ. ಚಂಡಮಾರುತದಿಂದಾಗಿ ಹೋಟೆಲಿನಲ್ಲೇ ಸಿಕ್ಕಿಬಿದ್ದ ನಮ್ಮ ಹುಡುಗರು ಯಾವಾಗ ಹೊರಡುತ್ತಾರೆ, ವಿಮಾನ ನಿಲ್ದಾಣ ಎಷ್ಟು ಹೊತ್ತಿಗೆ ತೆರೆಯುತ್ತದೆ, ಏರ್ ಇಂಡಿಯಾದ ವಿಶೇಷ ವಿಮಾನ ಎಲ್ಲಿಗೆ ಬಂತು ಎಂಬುದೇ ಬ್ರೇಕಿಂಗ್ ನ್ಯೂಸ್. ಆ ಚಂಡಮಾರುತದ ಹೆಸರು ಬೆರಿಲ್. ಬಾರ್ಬಡೋಸ್‌ನ ದಕ್ಷಿಣಕ್ಕೆ ಹಾದುಹೋದ ಅದು ಜುಲೈ 1ರಂದು ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪದ ಮೇಲೆ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಎರಗಿತು. ಅಲ್ಲಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಟ್ಟಡಗಳು ಒಂದೋ ನೆಲಸಮವಾದವು, ಇಲ್ಲವೇ ಹಾನಿಗೀಡಾದವು. ಮರದ ದೋಣಿ ಕಟ್ಟುವ ಕಸುಬಿಗೆ ಹೆಸರಾದ ದ್ವೀಪ ಅದು. 2023ರಲ್ಲಷ್ಟೇ ಯುನೆಸ್ಕೊ ಆ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಬಿರುಗಾಳಿ ಬರುತ್ತದೆಂದರೆ ದೋಣಿಗಳನ್ನು ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡಿನೊಳಗೆ ಒಯ್ದು ಕಟ್ಟುವುದು ಅಲ್ಲಿನ ರೂಢಿ. ಈ ಸಲ ಕಾಂಡ್ಲಾವೇ ಬೋಳಾಗಿ ನಿಂತಿತು, ಅದನ್ನು ನಂಬಿ ಬಂದ ದೋಣಿಗಳು ಅಲ್ಲೇ ಒಡೆದು ರಾಶಿ ಬಿದ್ದವು. ನಮ್ಮ ವಾಹಿನಿಗಳಲ್ಲಿ ಕ್ಯಾರಿಯಾಕೂ ಎಂಬ ಹೆಸರು ಕೇಳಿದ ನೆನಪು ನನಗಿಲ್ಲ. ಜುಲೈ 4ರಂದು ತಂಡ ದೆಹಲಿಗೆ ಬಂದಿಳಿಯಿತು, ಅಲ್ಲಿಗೆ ಬೆರಿಲ್ ಸುದ್ದಿ ಮುಗಿಯಿತು.

ಮುಗಿಯದೆ ಉಳಿದದ್ದು ಉಪದೇಶ. ಕೆರಿಬಿಯನ್‌ನಲ್ಲಿ ಚಂಡಮಾರುತ ಯಾವ ಕಾಲದಲ್ಲಿ ಇರಲಿಲ್ಲ? ಈ ಪುಟ್ಟ ದೇಶಗಳು ಪರಿಹಾರ ಪರಿಹಾರ ಎಂದು ಗೋಗರೆಯುವುದನ್ನು ಬಿಟ್ಟು ಗಟ್ಟಿ ಮನೆ ಕಟ್ಟಿಕೊಳ್ಳಲಿ, ವಿಮೆ ಮಾಡಿಸಲಿ, ಬೇಕಿದ್ದರೆ ಕಡಿಮೆ ಬಡ್ಡಿಗೆ ಸಾಲ ಪಡೆಯಲಿ, ಹವಾಮಾನದ ಹೊಡೆತ ತಾಳಿಕೊಳ್ಳುವುದನ್ನು ಕಲಿಯಲಿ. ಇದನ್ನು ಹೇಳುವವರು ವಾಷಿಂಗ್ಟನ್ನಿನ ಬ್ಯಾಂಕುಗಳಲ್ಲಿ ಮಾತ್ರ ಇಲ್ಲ, ನಮ್ಮ ಅರ್ಥಶಾಸ್ತ್ರದ ಅಂಕಣಗಳಲ್ಲೂ, ಹವಾಮಾನ ಸಮ್ಮೇಳನಕ್ಕೆ ಹೋಗಿಬಂದು ಭಾಷಣ ಮಾಡುವವರಲ್ಲೂ ಇದ್ದಾರೆ. ಇವರಿಗೆಲ್ಲ ನನ್ನ ಬಳಿ ಇರುವುದು ಒಂದೇ ಅಂಕಿ. 226.

ಡೊಮಿನಿಕಾ ಎಂಬ ದೇಶದ ಲೆಕ್ಕ ಅದು. ಡೊಮಿನಿಕನ್ ರಿಪಬ್ಲಿಕ್ ಬೇರೆ, ಇದು ಬೇರೆ. 750 ಚದರ ಕಿಲೋಮೀಟರ್ ನೆಲ, ಸುಮಾರು 70 ಸಾವಿರ ಜನ. ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟೂ ಜನರಿಲ್ಲದ ಗುಡ್ಡಗಾಡು ದೇಶ. ಅದರ ರಾಜಧಾನಿ ರೋಸೋದ ವಿಂಡ್ಸರ್ ಪಾರ್ಕ್ ಮೈದಾನದಲ್ಲಿ ರಾಹುಲ್ ದ್ರಾವಿಡ್ 2011ರಲ್ಲಿ ಟೆಸ್ಟ್ ಆಡಿದ್ದರು, 2023ರಲ್ಲಿ ಕೋಚ್ ಆಗಿ ಮತ್ತೆ ಹೋಗಿದ್ದರು. ಆ ಎರಡು ಪಂದ್ಯಗಳ ನಡುವಿನ ಹನ್ನೆರಡು ವರ್ಷಗಳಲ್ಲಿ ಆ ದೇಶಕ್ಕೆ ಏನಾಯಿತು ಎಂಬುದು ಸ್ಕೋರ್‌ಕಾರ್ಡಿನಲ್ಲಿ ಇರುವುದಿಲ್ಲ.

2015ರ ಆಗಸ್ಟ್ 27ರಂದು ಎರಿಕಾ ಬಂತು. ಅದು ಚಂಡಮಾರುತದ ದರ್ಜೆಗೂ ಏರದ ಬಿರುಮಳೆ. ಆದರೂ ಸುರಿದ ನೀರಿಗೆ ಗುಡ್ಡಗಳು ಕುಸಿದವು, ವರ್ಷದ ರಾಷ್ಟ್ರೀಯ ಉತ್ಪನ್ನದ ಶೇ 90ರಷ್ಟು ನಷ್ಟವಾಯಿತು. ಆಗ್ನೇಯ ತೀರದ ಪೆಟೀಟ್ ಸವಾನ್ ಎಂಬ ಊರನ್ನು ಕೊಡಗಿನವರು, ವಯನಾಡಿನವರು ಹೇಳದೆಯೇ ಅರ್ಥ ಮಾಡಿಕೊಳ್ಳುತ್ತಾರೆ. ನೆಟ್ಟಗೆ ನಿಂತಂಥ ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು, ಅದೇ ಇಳಿಜಾರಿನಲ್ಲಿ ಬೇ ಮರದ ತೋಟಗಳು. ಆ ಮರದ ಎಲೆಯನ್ನು ಕೊಯ್ದು, ಹಂಡೆಗೆ ತುಂಬಿ, ಕೆಳಗೆ ಕಟ್ಟಿಗೆ ಉರಿ ಹಾಕಿ ಎಣ್ಣೆ ಬಟ್ಟಿ ಇಳಿಸುವುದು ಊರಿನ ಜೀವನ. ಎರಿಕಾ ಬಂದ ದಿನ ಆ ಗುಡ್ಡವೇ ಜಾರಿ ಮನೆಗಳ ಮೇಲೆ ಬಂತು. ಊರಿಗೆ ಊರನ್ನೇ ಖಾಲಿ ಮಾಡಿಸಿದರು, ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಘೋಷಿಸಿತು. ಉಳಿದವರಿಗೆ ಬೆಲ್‌ವ್ಯೂ ಶೋಪಾನ್ ಎಂಬಲ್ಲಿ ಹೊಸ ಕಾಂಕ್ರೀಟ್ ಮನೆಗಳು ಸಿಕ್ಕವು. ಎಣ್ಣೆ ಕೊಡುವ ಮರಗಳು ಹಳೆಯ ಗುಡ್ಡದಲ್ಲೇ ಉಳಿದವು.

ಎರಡು ವರ್ಷ ತುಂಬಿ ಇನ್ನೊಂದು ತಿಂಗಳಾಗುವುದರೊಳಗೆ, 2017ರ ಸೆಪ್ಟೆಂಬರ್ 18ರ ರಾತ್ರಿ, ಮರಿಯಾ ಬಂತು. ಹಿಂದಿನ ದಿನ ಅದು ಆಗತಾನೇ ಚಂಡಮಾರುತ ಅನ್ನಿಸಿಕೊಂಡಿತ್ತು. ಡೊಮಿನಿಕಾ ತಲುಪುವ ಹೊತ್ತಿಗೆ ಐದನೇ ದರ್ಜೆಗೆ ಏರಿತ್ತು. ಬಿಸಿಯಾದ ಸಮುದ್ರ ಮಾಡುವ ಕೆಲಸ ಇದೇ. ಎಚ್ಚರಿಕೆ ಕೊಡಲಿಕ್ಕೂ ಪುರುಸೊತ್ತಿಲ್ಲದಂತೆ ಗಾಳಿಗೆ ಬಲ ತುಂಬುತ್ತದೆ. ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಅವರ ಮನೆಯ ಚಾವಣಿಯೇ ಹಾರಿಹೋಯಿತು. ದೇಶದ ಹತ್ತು ಸೂರುಗಳಲ್ಲಿ ಒಂಬತ್ತು ಹಾಳಾದವು. ಬೆಳಗಾದಾಗ ಹಸಿರು ದ್ವೀಪದಲ್ಲಿ ಎಲೆಯೇ ಇರಲಿಲ್ಲ, ಕಾಡೆಲ್ಲ ಸುಟ್ಟ ಕಡ್ಡಿಗಳಂತೆ ಕಂದಾಗಿ ನಿಂತಿತ್ತು. ಲೆಕ್ಕ ಹಾಕಿದಾಗ ನಷ್ಟ 130 ಕೋಟಿ ಡಾಲರ್, ಹಿಂದಿನ ವರ್ಷದ ರಾಷ್ಟ್ರೀಯ ಉತ್ಪನ್ನದ ಶೇ 226.

ಈ 226 ಎಷ್ಟು ಎಂದು ಒಂದು ಗಳಿಗೆ ನಿಂತು ನೋಡಬೇಕು. 2019ರ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು, ಚಿಕ್ಕಮಗಳೂರು ಮುಳುಗಿದಾಗ ನಮ್ಮ ಸರ್ಕಾರವೇ ಹೇಳಿದ ನಷ್ಟ ಸುಮಾರು 35 ಸಾವಿರ ಕೋಟಿ ರೂಪಾಯಿ. ರಾಜ್ಯದ ವರ್ಷದ ಉತ್ಪನ್ನದ ನೂರಕ್ಕೆ ಎರಡರ ಆಸುಪಾಸು ಅದು. ಆ ಎರಡಕ್ಕೇ ನಾವು ಎಷ್ಟು ತತ್ತರಿಸಿದೆವು, ಎಷ್ಟು ಊರುಗಳಲ್ಲಿ ಜನ ಇನ್ನೂ ಮನೆ ಪರಿಹಾರದ ಕಂತಿಗಾಗಿ ಕಚೇರಿ ಅಲೆಯುತ್ತಿದ್ದಾರೆ ಎಂಬುದು ನಮಗೆ ಗೊತ್ತು. ಡೊಮಿನಿಕಾಕ್ಕೆ ಒಂದೇ ರಾತ್ರಿ ನೂರಕ್ಕೆ 226. ದೇಶದ ಎಲ್ಲರೂ ಎರಡು ವರ್ಷ ಮೂರು ತಿಂಗಳು ದುಡಿದು, ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೆ ಆಗುವಷ್ಟು ಮೊತ್ತ. ಇಂಥ ದೇಶಕ್ಕೆ ಸಾಲ ತೆಗೆದುಕೋ ಎಂದು ಹೇಳುವ ಬಾಯಿ ಯಾವುದು?

ವಿಮೆ ಇದೆಯಲ್ಲ ಎನ್ನುತ್ತಾರೆ. ಇತ್ತು. ಕೆರಿಬಿಯನ್ ದೇಶಗಳೆಲ್ಲ ಸೇರಿ 2007ರಲ್ಲಿ ಕಟ್ಟಿಕೊಂಡ ವಿಪತ್ತು ವಿಮಾ ನಿಧಿಯಲ್ಲಿ ಡೊಮಿನಿಕಾ ಕಂತು ಕಟ್ಟಿತ್ತು. ಮರಿಯಾ ಆದ ಎರಡು ವಾರದೊಳಗೆ ಆ ನಿಧಿ ಮಾತಿಗೆ ತಪ್ಪದೆ ಹಣ ಕೊಟ್ಟಿತು. ಕೊಟ್ಟದ್ದು 1.93 ಕೋಟಿ ಡಾಲರ್. ನಷ್ಟ 130 ಕೋಟಿ. ನೂರಕ್ಕೆ ಒಂದೂವರೆ. ಉಳಿದ ತೊಂಬತ್ತೆಂಟೂವರೆಗೆ ಎಲ್ಲಿ ಹೋಗಬೇಕು? ಗ್ರೆನಡಾ ಇನ್ನೂ ಜಾಣತನದಿಂದ ನಡೆದುಕೊಂಡಿತ್ತು. 2004ರಲ್ಲಿ ಇವಾನ್ ಚಂಡಮಾರುತ ಒಂದೇ ದಿನದಲ್ಲಿ ವರ್ಷದ ಉತ್ಪನ್ನದ ಎರಡು ಪಟ್ಟು ನಷ್ಟ ಮಾಡಿತ್ತು, ಆ ಮೇಲೆ ದೇಶ ಸಾಲದಲ್ಲಿ ಮುಳುಗಿತು. 2015ರಲ್ಲಿ ಸಾಲ ಕೊಟ್ಟವರ ಜೊತೆ ಮರುಹೊಂದಾಣಿಕೆ ಮಾಡಿಕೊಳ್ಳುವಾಗ ಪತ್ರದಲ್ಲಿ ಒಂದು ಷರತ್ತು ಬರೆಸಿಕೊಂಡಿತು. ದೊಡ್ಡ ಚಂಡಮಾರುತ ಬಂದರೆ ಕೆಲವು ಕಂತುಗಳನ್ನು ತಡವಾಗಿ ಕಟ್ಟಬಹುದು ಎಂದು. ಬೆರಿಲ್ ಬಂದ ಮೇಲೆ 2024ರಲ್ಲಿ ಅದನ್ನು ಬಳಸಿಕೊಂಡಿತು. ಇದನ್ನು ಜಗತ್ತಿಗೆಲ್ಲ ಮಾದರಿ ಎಂದು ಹೊಗಳಿದ ಲೇಖನಗಳನ್ನು ಓದಿ ನನಗೆ ಮೈ ಉರಿಯಿತು. ಕಂತು ಮನ್ನಾ ಆಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಮನೆ ಕಳೆದುಕೊಂಡವನಿಗೆ ಈ ತಿಂಗಳ ಬಾಡಿಗೆ ಮುಂದಿನ ವರ್ಷ ಕೊಟ್ಟರೂ ಸಾಕು ಅಂದ ಮಾಲೀಕನ ಔದಾರ್ಯ ಇದು.

ಕಡಿಮೆ ಬಡ್ಡಿಯ ಸಾಲ ಎಂಬ ಮಾತಿನ ಬಂಡವಾಳವೂ ಇಷ್ಟೇ. ಒಂದು ದೇಶಕ್ಕೆ ಅಂಥ ಸಾಲ ಸಿಗುತ್ತದೋ ಇಲ್ಲವೋ ಎಂಬುದನ್ನು ವಿಶ್ವ ಬ್ಯಾಂಕ್ ಮುಖ್ಯವಾಗಿ ತಲಾ ಆದಾಯ ನೋಡಿ ತೀರ್ಮಾನಿಸುತ್ತದೆ. ಹೋಟೆಲು, ಪ್ರವಾಸಿ ಹಡಗುಗಳಿಂದ ಕಾಗದದ ಮೇಲೆ ತಲಾ ಆದಾಯ ಏರಿದ ಬಾರ್ಬಡೋಸ್, ಆಂಟಿಗಾ ಮತ್ತು ಬಾರ್ಬುಡಾದಂಥ ದೇಶಗಳು ಶ್ರೀಮಂತರ ಪಟ್ಟಿಗೆ ಸೇರಿ ರಿಯಾಯಿತಿಯಿಂದ ಹೊರಗುಳಿಯುತ್ತವೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತದ ಮೇಲೆ ಬಾರ್ಬುಡಾ ದ್ವೀಪದ ಅಷ್ಟೂ ಜನರನ್ನು ಪಕ್ಕದ ಆಂಟಿಗಾಕ್ಕೆ ಸಾಗಿಸಬೇಕಾಯಿತು, ದ್ವೀಪದಲ್ಲಿ ನರಪಿಳ್ಳೆ ಉಳಿಯಲಿಲ್ಲ. ಆ ದೇಶ ಬ್ಯಾಂಕಿನ ಪುಸ್ತಕದಲ್ಲಿ ಶ್ರೀಮಂತ! ಆದಾಯದ ಜೊತೆಗೆ ಅಪಾಯವನ್ನೂ ಅಳೆಯಿರಿ ಎಂದು ದ್ವೀಪರಾಷ್ಟ್ರಗಳು ದಶಕಗಳಿಂದ ಕೇಳಿಕೊಂಡು, ಕಡೆಗೆ 2024ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಬಹು ಆಯಾಮದ ದುರ್ಬಲತೆಯ ಸೂಚ್ಯಂಕವೊಂದನ್ನು ಒಪ್ಪಿತು. ಒಪ್ಪಿದ್ದು ಮಹಾಸಭೆ. ಹಣ ಇರುವುದು ಬ್ಯಾಂಕುಗಳಲ್ಲಿ. ಅದನ್ನು ಬಳಸಲೇಬೇಕೆಂಬ ಕಟ್ಟುಪಾಡು ಬ್ಯಾಂಕುಗಳಿಗೆ ಇಲ್ಲ.

ಇನ್ನೊಂದು ವಾದ ನಮ್ಮಲ್ಲಿ ಭಾರಿ ಜನಪ್ರಿಯ. ಇವು ಪಾಸ್‌ಪೋರ್ಟ್ ಮಾರುವ ದೇಶಗಳು, ಇವಕ್ಕೇಕೆ ಕನಿಕರ? ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆ ಪ್ರಕರಣದ ಆರೋಪಿ ಮೆಹುಲ್ ಚೋಕ್ಸಿ 2017ರಲ್ಲಿ ಆಂಟಿಗಾದ ಪೌರತ್ವ ಕೊಂಡದ್ದು, 2021ರಲ್ಲಿ ಡೊಮಿನಿಕಾದಲ್ಲಿ ಸಿಕ್ಕಿಬಿದ್ದದ್ದು ನಮಗೆಲ್ಲ ನೆನಪಿದೆ. ಆಗ ವಾರಗಟ್ಟಲೆ ಡೊಮಿನಿಕಾ ನಮ್ಮ ಮನೆಮಾತಾಗಿತ್ತು. ಆದರೆ ಆ ದೇಶ ಪಾಸ್‌ಪೋರ್ಟ್ ಹಣದಲ್ಲಿ ಏನು ಮಾಡಿತು ಎಂದು ಯಾರೂ ಕೇಳಲಿಲ್ಲ. ಪೆಟೀಟ್ ಸವಾನ್‌ನಿಂದ ಎದ್ದು ಬಂದವರಿಗೆ ಬೆಲ್‌ವ್ಯೂ ಶೋಪಾನ್‌ನಲ್ಲಿ ಕಟ್ಟಿದ ಮನೆಗಳಿಗೆ ಹಣ ಬಂದದ್ದು ಅಲ್ಲಿಂದಲೇ. ತಗಡಿನ ಬದಲು ಕಾಂಕ್ರೀಟ್ ಚಾವಣಿ ಹೊದಿಸಿ ಗಾಳಿಗೆ ಜಗ್ಗದಂತೆ ಕಟ್ಟಿದ ಇಂಥ ಮನೆಗಳು ಮರಿಯಾ ನಂತರ ದೇಶದ ಹಲವೆಡೆ ಎದ್ದವು. ಆ ವ್ಯವಹಾರದಲ್ಲಿ ಪಾರದರ್ಶಕತೆ ಇಲ್ಲವೆಂದು ಅಲ್ಲಿನ ವಿರೋಧ ಪಕ್ಷದವರೇ ದೂರುತ್ತಾರೆ, ದೂರಲೇಬೇಕು. ಯಾರೋ ಕದ್ದ ದುಡ್ಡಿಗೆ ದೇಶದ ಪೌರತ್ವ ಮಾರಿ ತನ್ನ ಜನಕ್ಕೆ ಸೂರು ಹೊದಿಸಬೇಕಾದ ಸ್ಥಿತಿಗೆ ಒಂದು ಸರ್ಕಾರವನ್ನು ತಂದಿಟ್ಟವರು ಯಾರು? ಜಗತ್ತಿನ ದ್ವೀಪರಾಷ್ಟ್ರಗಳೆಲ್ಲ ಸೇರಿ ಬಿಡುವ ಇಂಗಾಲ ಒಟ್ಟಿನ ಶೇ 1ಕ್ಕಿಂತ ಕಡಿಮೆ. ಗಟ್ಟಿ ಮನೆ ಕಟ್ಟಿಕೊಳ್ಳಿ ಎಂದವರೇ, ಅವರು ಕಟ್ಟಿಕೊಂಡಿದ್ದಾರೆ. ಅದಕ್ಕೆ ಅವರು ತೆತ್ತ ಬೆಲೆ ನೋಡಿ.

ಈಗ ಪರಿಹಾರ ನಿಧಿಯ ಕಥೆ. 1991ರಲ್ಲಿ ವನುವಾಟು ದೇಶ ಸಣ್ಣ ದ್ವೀಪರಾಷ್ಟ್ರಗಳ ಒಕ್ಕೂಟದ ಪರವಾಗಿ ಒಂದು ಪ್ರಸ್ತಾವ ಮುಂದಿಟ್ಟಿತು. ಸಮುದ್ರ ಏರಿ ನಮ್ಮ ನೆಲ ಹೋದರೆ ಶ್ರೀಮಂತ ದೇಶಗಳು ತುಂಬಿದ ನಿಧಿಯಿಂದ ಪರಿಹಾರ ಸಿಗಲಿ ಎಂದು. ಹವಾಮಾನ ಒಪ್ಪಂದವೇ ಇನ್ನೂ ಆಗಿರದ ಕಾಲ ಅದು. ಆ ಮಾತು ಕಿವಿಗೆ ಬೀಳಲು 2022ರ ಶರ್ಮ್ ಎಲ್ ಶೇಖ್ ಸಮ್ಮೇಳನದವರೆಗೆ, 31 ವರ್ಷ ಕಾಯಬೇಕಾಯಿತು. ನಷ್ಟ ಮತ್ತು ಹಾನಿ ನಿಧಿ ಎಂದು ಹೆಸರಿಟ್ಟರು. ಎಲ್ಲ ದೇಶಗಳೂ ಸೇರಿ ಕೊಡುತ್ತೇವೆಂದು ಹೇಳಿದ ಹಣ ಸುಮಾರು 80 ಕೋಟಿ ಡಾಲರ್. ಮರಿಯಾ ಒಂದೇ ಡೊಮಿನಿಕಾದಲ್ಲಿ ಮಾಡಿದ ನಷ್ಟ 130 ಕೋಟಿ ಎಂಬುದನ್ನು ಇಲ್ಲಿ ಮತ್ತೆ ನೆನಪಿಸಬೇಕು. ಇತಿಹಾಸದಲ್ಲೇ ಅತಿ ಹೆಚ್ಚು ಇಂಗಾಲ ಬಿಟ್ಟ ಅಮೆರಿಕ ಈ ನಿಧಿಗೆ ಹೇಳಿದ್ದು 1.75 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 145 ಕೋಟಿ ರೂಪಾಯಿ. ಬಾರ್ಬಡೋಸ್‌ನಲ್ಲಿ ಗೆದ್ದ ನಮ್ಮ ಕ್ರಿಕೆಟ್ ತಂಡಕ್ಕೆ ಬಿಸಿಸಿಐ ಕೊಟ್ಟ ಬಹುಮಾನ 125 ಕೋಟಿ ರೂಪಾಯಿ. ಜಗತ್ತಿನ ಅತಿ ಶ್ರೀಮಂತ ದೇಶಕ್ಕೆ ಮುಳುಗುತ್ತಿರುವ ದೇಶಗಳೆಲ್ಲ ಸೇರಿದರೆ ಒಂದು ಕ್ರಿಕೆಟ್ ತಂಡಕ್ಕಿಂತ ಸ್ವಲ್ಪವೇ ಹೆಚ್ಚು. 2025ರ ಮಾರ್ಚ್‌ನಲ್ಲಿ ಆ ದೇಶ ನಿಧಿಯ ಮಂಡಳಿಯಿಂದಲೇ ಎದ್ದುಹೋಯಿತು.

2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಜಮೈಕಾವನ್ನು ಅಪ್ಪಳಿಸಿತು. ನಷ್ಟ 880 ಕೋಟಿ ಡಾಲರ್, ದೇಶದ ಉತ್ಪನ್ನದ ಶೇ 41 ಎಂದು ವಿಶ್ವ ಬ್ಯಾಂಕೇ ಅಂದಾಜು ಮಾಡಿತು. ಎರಡು ವಾರ ಕಳೆದು ಬ್ರೆಜಿಲಿನ ಬೆಲೆಂನಲ್ಲಿ ಹವಾಮಾನ ಸಮ್ಮೇಳನ ಸೇರಿತು. ಅಲ್ಲಿ ನಷ್ಟ ಮತ್ತು ಹಾನಿ ನಿಧಿ ಮೊದಲ ಬಾರಿಗೆ ಅರ್ಜಿ ಕರೆಯಿತು, ಬಡ ದೇಶಗಳಿಗೆಲ್ಲ ಸೇರಿ 25 ಕೋಟಿ ಡಾಲರ್. ಜಮೈಕಾದ ಒಂದು ಗಾಯಕ್ಕೇ ಬೇಕಾದದ್ದರ ಮೂವತ್ತೈದರಲ್ಲಿ ಒಂದು ಪಾಲು.

ಅರ್ಜಿ ಹಾಕಿ ಕಾಯುವುದು ಏನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಬರಕ್ಕೆ 18,171 ಕೋಟಿ ರೂಪಾಯಿ ಕೇಳಿ ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಆ ಮೇಲೆ ಬಂದದ್ದು 3,454 ಕೋಟಿ. ಬೆಳೆ ಒಣಗಿದ ಹೊಲಕ್ಕೆ ಅಧಿಕಾರಿಗಳ ತಂಡ ಬಂದು, ಇಲ್ಲಿ ಹಸಿರು ಕಾಣುತ್ತಿದೆಯಲ್ಲ ಎಂದು ಕೇಳಿದಾಗ ರೈತನಿಗೆ ಆಗುವ ಅವಮಾನ ನಾವು ಕಣ್ಣಾರೆ ಕಂಡದ್ದು. ಕೊಡುವವನು ಎತ್ತರದಲ್ಲಿ ಕೂತು ಎಷ್ಟು ಕೊಡಬೇಕೆಂದು ತಾನೇ ತೀರ್ಮಾನಿಸುವ ವ್ಯವಸ್ಥೆ ದೆಹಲಿಯಲ್ಲಿದ್ದರೂ ತಪ್ಪು, ವಾಷಿಂಗ್ಟನ್ನಿನಲ್ಲಿದ್ದರೂ ತಪ್ಪು. ಕರಾವಳಿಯಲ್ಲೂ ಇದೇ ಆಗುತ್ತಿದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಪ್ರತಿ ಮಳೆಗಾಲಕ್ಕೂ ಕಡಲಿಗೆ ಕಲ್ಲು ಸುರಿಯುತ್ತಾರೆ, ಕಡಲು ಆ ಕಲ್ಲನ್ನೂ ನುಂಗಿ ಮನೆಯ ಅಡಿಪಾಯಕ್ಕೆ ಬರುತ್ತದೆ. ಗುತ್ತಿಗೆದಾರನ ಬಿಲ್ಲು ಪಾಸಾಗುತ್ತದೆ, ಮೀನುಗಾರ ಮಾತ್ರ ಸಂಬಂಧಿಕರ ಮನೆಗೆ ಗಂಟುಮೂಟೆ ಹೊರುತ್ತಾನೆ. ಅಲ್ಲೂ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಬಂದಿತ್ತು. ಎಲ್ಲ ಕಡೆಯೂ ಕಡಲಿನ ಹೆಸರಿನಲ್ಲಿ ಮೊದಲು ಬರುವುದು ಸಾಲವೇ.

ಇಷ್ಟೆಲ್ಲ ಕಂಡ ಭಾರತ ಎಲ್ಲಿ ನಿಲ್ಲಬೇಕಿತ್ತು? 2021ರ ಫೆಬ್ರುವರಿಯಲ್ಲಿ ಕೋವಿಡ್ ಲಸಿಕೆಗಾಗಿ ಜಗತ್ತೇ ಕಿತ್ತಾಡುತ್ತಿದ್ದಾಗ ಭಾರತ ಡೊಮಿನಿಕಾಕ್ಕೆ 70 ಸಾವಿರ ಡೋಸ್ ಕಳಿಸಿತು. ಪ್ರಧಾನಿ ಸ್ಕೆರಿಟ್ ತಾವೇ ವಿಮಾನದ ಬಳಿ ನಿಂತು ಪೆಟ್ಟಿಗೆ ಇಳಿಸಿಕೊಂಡರು. ಅದು ಸಾಲವಲ್ಲ, ಬಡ್ಡಿ ಇರಲಿಲ್ಲ. ನಾನು ಹೆಮ್ಮೆಪಡುವ ಭಾರತ ಅದು. ಆ ಉಪಕಾರ ಮರೆಯದ ಡೊಮಿನಿಕಾ 2024ರ ನವೆಂಬರ್ 20ರಂದು ಗಯಾನಾದಲ್ಲಿ ನಮ್ಮ ಪ್ರಧಾನಿಗೆ ತನ್ನ ಅತ್ಯುನ್ನತ ಗೌರವ ನೀಡಿತು. ಹದಿನೈದು ದಿನ ಕಳೆದು, ಡಿಸೆಂಬರ್ 5ರಂದು, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಎಂಬ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಭಾರತದ ಪ್ರತಿನಿಧಿ ಎದ್ದು ನಿಂತರು. ಹವಾಮಾನದ ವಿಷಯದಲ್ಲಿ ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಹೊಣೆಗಳನ್ನು ನ್ಯಾಯಾಲಯ ಹುಟ್ಟುಹಾಕಬಾರದು ಎಂಬುದು ನಮ್ಮ ವಾದವಾಗಿತ್ತು. ಶ್ರೀಮಂತ ದೇಶಗಳದ್ದೇ ತಪ್ಪು ಎಂದೂ ಹೇಳಿದೆವು, ನಿಜ. ಆದರೆ ಮೊಕದ್ದಮೆಯ ತಿರುಳು ಅದಾಗಿರಲಿಲ್ಲ. ಇರುವ ಒಪ್ಪಂದಗಳು ಮೂವತ್ತು ವರ್ಷದಲ್ಲಿ ಕೊಟ್ಟದ್ದು ಇಷ್ಟೇ, ಅದಕ್ಕೇ ನ್ಯಾಯಾಲಯಕ್ಕೆ ಬಂದಿದ್ದೇವೆ ಎಂದು ದ್ವೀಪರಾಷ್ಟ್ರಗಳು ಹೇಳುತ್ತಿದ್ದವು. ಆ ಹೊತ್ತಿನಲ್ಲಿ ಇರುವ ಒಪ್ಪಂದವೇ ಸಾಕು ಎಂದವರ ಸಾಲಿನಲ್ಲಿ ಅಮೆರಿಕ ಇತ್ತು, ಸೌದಿ ಅರೇಬಿಯಾ ಇತ್ತು, ನಾವೂ ಇದ್ದೆವು.

ಆ ಮೊಕದ್ದಮೆ ಶುರುವಾದದ್ದು 2019ರಲ್ಲಿ, ಪೆಸಿಫಿಕ್‌ನ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿಗಳ ತರಗತಿಯಲ್ಲಿ. ವನುವಾಟು ಅದನ್ನು ಕೈಗೆತ್ತಿಕೊಂಡು ವಿಶ್ವಸಂಸ್ಥೆಗೆ ಒಯ್ದಿತು. ಭಾರತದ ವಾದ ನಿಲ್ಲಲಿಲ್ಲ. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ಹವಾಮಾನ ಒಪ್ಪಂದಗಳಿಂದಾಚೆಗೂ ದೇಶಗಳ ಕಾನೂನುಬದ್ಧ ಹೊಣೆ, ಹೊಣೆ ಮುರಿದರೆ ಅದು ತಪ್ಪು ಕೃತ್ಯ, ಹಾನಿ ಮತ್ತು ತಪ್ಪಿನ ಸಂಬಂಧ ಸಾಬೀತಾದರೆ ಪರಿಹಾರವನ್ನೂ ಕೊಡಬೇಕಾಗಬಹುದು ಎಂದಿತು. ಇಷ್ಟು ದಿನ ದಾನ ಎಂದು ಕರೆದದ್ದಕ್ಕೆ ಈಗ ಕಾನೂನಿನಲ್ಲಿ ಬಾಕಿ ಎಂಬ ಹೆಸರು ಸಿಗುವ ದಾರಿ ತೆರೆದಿದೆ.

ನಾವೂ ಬೆಳೆಯಬೇಕಾದ ದೇಶ, ನಾಳೆ ನಮ್ಮ ಮೇಲೂ ಕೇಸು ಬಿದ್ದರೆ ಎಂಬ ಭಯ ದೆಹಲಿಗೆ ಇದೆ. ಈ ಭಯದ ಕಾರಣಕ್ಕೆ ಡೊಮಿನಿಕಾದ ಎದುರು ನಿಲ್ಲುವುದು ಭಾರತಕ್ಕೆ ಶೋಭೆ ತರುವುದಿಲ್ಲ. ಇತಿಹಾಸದ ಇಂಗಾಲದಲ್ಲಿ ನಮ್ಮ ತಲಾ ಪಾಲು ಕಡಿಮೆ ಎಂಬುದು ನಮ್ಮದೇ ಬಲವಾದ ವಾದ. ಆ ವಾದದಲ್ಲಿ ನಂಬಿಕೆ ಇದ್ದರೆ ನ್ಯಾಯಾಲಯಕ್ಕೆ ಏಕೆ ಹೆದರಬೇಕು? ದ್ವೀಪಗಳ ಮೂಲಸೌಕರ್ಯ ಗಟ್ಟಿಗೊಳಿಸುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೊದಲ್ಲಿ ನಾವೇ ಒಂದು ಯೋಜನೆ ಘೋಷಿಸಿದೆವು. ಆದರೆ ಮಾಲ್ಡೀವ್ಸ್‌ನ ಅಡ್ಡುವಿನಲ್ಲಿ ಹವಳದ ಕೊಲ್ಲಿಗೆ ಮರಳು ಸುರಿದು ನೆಲ ಮಾಡಿದ ಯೋಜನೆ ಮುಗಿದದ್ದು ನಮ್ಮ ಎಕ್ಸಿಮ್ ಬ್ಯಾಂಕಿನ ಸಾಲದಲ್ಲಿ. 2020ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಎಂದು ಗುರುತಿಸಿದ ಹವಳದ್ವೀಪ ಅದು. ಬೇರೆಯವರ ಸಾಲವನ್ನು ಬೈಯುವ ಮೊದಲು ನಮ್ಮ ಸಾಲದ ಪತ್ರಗಳನ್ನೂ ತೆಗೆದು ನೋಡಬೇಕು.

ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ವಿಶ್ವ ಬ್ಯಾಂಕಿನ ಮಂಡಳಿಯಲ್ಲಿ ಭಾರತಕ್ಕೊಬ್ಬ ಕಾರ್ಯನಿರ್ವಾಹಕ ನಿರ್ದೇಶಕರಿದ್ದಾರೆ. ಮಹಾಸಭೆ ಒಪ್ಪಿದ ದುರ್ಬಲತೆಯ ಸೂಚ್ಯಂಕವನ್ನು ಸಾಲದ ಅರ್ಹತೆಗೆ ಅಳವಡಿಸಿ ಎಂದು ಅವರು ಆ ಮೇಜಿನ ಮೇಲೆ ಲಿಖಿತವಾಗಿ ಕೇಳಲಿ. ಚಂಡಮಾರುತ ಬಂದ ದೇಶದ ಕಂತು ಮುಂದೂಡುವುದಲ್ಲ, ಅಷ್ಟು ಮೊತ್ತ ಮನ್ನಾ ಆಗಲಿ ಎಂದು ಕೇಳಲಿ. ಕೆರಿಬಿಯನ್ ದೇಶಗಳಿಗೆ, ಮಾಲ್ಡೀವ್ಸ್‌ಗೆ ನಾವು ಕೊಟ್ಟಿರುವ ಸಾಲದಲ್ಲಿ ಕಡಲು ತಡೆಯುವ ಕಾಮಗಾರಿಗೆ ಹೋದ ಭಾಗವನ್ನು ಅನುದಾನವಾಗಿ ಬದಲಿಸಿ, ಆಮೇಲೆ ಅಮೆರಿಕ, ಯುರೋಪನ್ನು ಅದನ್ನೇ ಮಾಡಿ ಎಂದು ಕೇಳಲಿ. ಹೇಗ್‌ನ ಅಭಿಪ್ರಾಯವನ್ನು ಜಾರಿಗೆ ತರುವ ಮಾತು ವಿಶ್ವಸಂಸ್ಥೆಯಲ್ಲಿ ಬಂದಾಗ ಭಾರತ ಕೈ ಎತ್ತಲಿ. ಅಟ್ಲಾಂಟಿಕ್‌ನ ಚಂಡಮಾರುತದ ಋತು ಪ್ರತಿ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಇದೆಲ್ಲ ಅದಕ್ಕೆ ಮೊದಲು ಆಗಬೇಕು.